ಓದದೆ ಹಾಕಿದ ಸಹಿ

ಶಾಸನಸಭೆಯ ಗ್ಯಾಲರಿಯಿಂದ ಇಣುಕುವ ಜನಕ್ಕೆ ಕಾಣುವುದು ಮಾತನಾಡುವವರು, ಎದ್ದು ಕೂಗುವವರು, ಕೂತಲ್ಲೇ ತೂಕಡಿಸುವವರು. ಸಭಾಧ್ಯಕ್ಷರ ಪೀಠದ ಕೆಳಗೆ, ಮಂತ್ರಿಗಳ ಸಾಲಿಗೆ ನಾಲ್ಕೇ ಹೆಜ್ಜೆ ದೂರದಲ್ಲಿ, ಉದ್ದನೆಯ ಮೇಜಿನ ಮುಂದೆ ತಲೆ ತಗ್ಗಿಸಿ ಬರೆಯುತ್ತ ಕೂತವರು ಯಾರ ಕಣ್ಣಿಗೂ ಬೀಳುವುದಿಲ್ಲ. ಅವರು ವರದಿಗಾರರು. ಪತ್ರಿಕೆಯವರಲ್ಲ; ಸದನದಲ್ಲಿ ಆಡಿದ ಪ್ರತಿ ಮಾತನ್ನೂ ಶೀಘ್ರಲಿಪಿಯಲ್ಲಿ ಹಿಡಿದು ನಡಾವಳಿಯ ಪುಸ್ತಕಕ್ಕೆ ಸೇರಿಸುವ ಸರ್ಕಾರಿ ನೌಕರರು. ಮೇಜಿಗೂ ತಮಗೂ ಹೆಚ್ಚು ವ್ಯತ್ಯಾಸವಿಲ್ಲ ಎಂದು ಅವರವರೇ ತಮಾಷೆ ಮಾಡಿಕೊಳ್ಳುತ್ತಾರೆ.

ಆ ಮೇಜಿನಲ್ಲಿ ಇಪ್ಪತ್ತೆಂಟು ವರ್ಷ ಕೂತವಳು ಪೆನ್ಸಿಲಕ್ಕ. ಮುಡಿಯಲ್ಲಿ ಯಾವಾಗಲೂ ಚೂಪಾಗಿ ಕೆತ್ತಿದ ಎರಡು ಪೆನ್ಸಿಲು, ಕೈಯಲ್ಲಿ ಮೂರನೆಯದು. ಹಾಗಾಗಿ ಜೊತೆಯ ವರದಿಗಾರರು ಇಟ್ಟ ಹೆಸರು. ತೆಳ್ಳಗಿನ ಹೆಂಗಸು, ನಡೆದರೆ ಸದ್ದಾಗದ ರಬ್ಬರ್ ಚಪ್ಪಲಿ, ಮೂಗಿನ ಮೇಲಿಂದ ಜಾರುವ ಕನ್ನಡಕ. ಮಾತು ಕಡಿಮೆ. ದಿನವಿಡೀ ಇನ್ನೊಬ್ಬರ ಮಾತು ಕೇಳುವವಳಿಗೆ ತನ್ನದೂ ಒಂದಿರಲಿ ಅನ್ನಿಸುತ್ತಿರಲಿಲ್ಲ. ನೋಡಿದವರೆಲ್ಲ ಪಾಪದವಳು ಎನ್ನುತ್ತಿದ್ದರು. ಹಾಗೆ ಅಂದುಕೊಂಡೇ ಒಬ್ಬ ಮಂತ್ರಿ ಹಾಳಾದ, ಮತ್ತು ಅವನು ಹಾಳಾದದ್ದಕ್ಕೆ ನನಗಂತೂ ಒಂದು ಚೂರೂ ಬೇಸರವಿಲ್ಲ.

ಅವರ ಕೆಲಸ ಹೀಗೆ. ಒಬ್ಬೊಬ್ಬರದು ಹತ್ತು ನಿಮಿಷದ ಪಾಳಿ. ಮುಂದಿನವರು ಸದ್ದಿಲ್ಲದೆ ಬಂದು ಕೂತು, ಮಾತು ಒಂದೂ ಬಿಟ್ಟುಹೋಗದಂತೆ ಎತ್ತಿಕೊಳ್ಳಬೇಕು. ಎದ್ದವರು ಹಿಂದಿನ ಓಣಿಯಲ್ಲಿ ನಡೆದು, ಒಂದೇ ಕಿಟಕಿಯಿರುವ ವರದಿ ಶಾಖೆಗೆ ಬಂದು, ಬರೆದದ್ದನ್ನು ಟೈಪು ಮಾಡಬೇಕು. ಆಗ ಯಾವ ನಿಯಮದ ಪುಸ್ತಕದಲ್ಲೂ ಇಲ್ಲದ ಇನ್ನೊಂದು ಕೆಲಸವೂ ನಡೆಯುತ್ತದೆ. ಸದನದಲ್ಲಿ ಶುರು ಮಾಡಿದ ವಾಕ್ಯವನ್ನೇ ಮುಗಿಸುವ ಸದಸ್ಯರು ಬೆರಳೆಣಿಕೆಯಷ್ಟು. ಮಾತು ಎಲ್ಲೋ ಹೊರಟು ಇನ್ನೆಲ್ಲೋ ಇಳಿಯುತ್ತದೆ, ಸಿಟ್ಟು ಬಂದರೆ ಬಾರದ ಪದವೆಲ್ಲ ಬರುತ್ತದೆ. ಅದನ್ನು ಹಾಗೇ ಅಚ್ಚು ಹಾಕಿದರೆ ರಾಜ್ಯದ ಮಾನ ಹೋಗುತ್ತದೆ. ಆದ್ದರಿಂದ ವರದಿಗಾರರು ಅರ್ಧ ವಾಕ್ಯಕ್ಕೆ ಇನ್ನರ್ಧ ಜೋಡಿಸುತ್ತಾರೆ, ಬೈಗುಳ ಬಿಟ್ಟುಬಿಡುತ್ತಾರೆ, ಗಲಾಟೆಯಾದಲ್ಲಿ ಆವರಣದೊಳಗೆ ‘ಗದ್ದಲ’ ಎಂದು ಬರೆದು ಪೆನ್ಸಿಲು ಕೆಳಗಿಡುತ್ತಾರೆ. ವಿಷಯ ಬದಲಿಸುವುದಿಲ್ಲ, ಮುಖ ತೊಳೆಸಿ ತಲೆ ಬಾಚಿ ಕಳಿಸುತ್ತಾರೆ, ಅಷ್ಟೇ.

ಹಾಗೆ ಸಿದ್ಧವಾದ ಕರಡು ಸಂಜೆಗೆ ಆಯಾ ಸದಸ್ಯರ ಕೈಸೇರುತ್ತದೆ. ಅವರು ಓದಿ, ತಪ್ಪಿದ್ದರೆ ಗುರುತು ಹಾಕಿ, ಪ್ರತಿ ಹಾಳೆಗೂ ಸಹಿ ಮಾಡಿ ಮರುದಿನ ಹನ್ನೊಂದರೊಳಗೆ ಹಿಂದಿರುಗಿಸಬೇಕು. ಸಹಿ ಬಿದ್ದ ಮೇಲೆ ಮುಗಿಯಿತು. ಅದು ಅವರ ಮಾತು, ಕೊನೆಯವರೆಗೂ ಅವರದೇ.

ಇನ್ನು ಆ ಮಂತ್ರಿ. ಊರೆಲ್ಲ ಅವನನ್ನು ಕರೆಯುತ್ತಿದ್ದದ್ದು ಮೈಕಣ್ಣ ಎಂದು. ಬಸ್ ನಿಲ್ದಾಣದ ಹಿಂದೆ ಅವನಿಗೆ ಮೈಕು ಬಾಡಿಗೆಗೆ ಕೊಡುವ ಅಂಗಡಿಯಿತ್ತು. ಯಾವ ಪಕ್ಷದ ಸಭೆಯಾದರೂ ಅವನದೇ ಮೈಕು. ಮುಖಂಡರು ಬರುವುದು ತಡವಾದರೆ, ‘ಹಲೋ, ಒಂದು ಎರಡು ಮೂರು’ ಎಂದು ಪರೀಕ್ಷೆ ಮಾಡುತ್ತಿದ್ದವನು ಅಲ್ಲಿಗೆ ನಿಲ್ಲಿಸದೆ ಭಾಷಣಕ್ಕೇ ಇಳಿದುಬಿಡುತ್ತಿದ್ದ. ಜನ ಹೇಗೂ ಬಂದು ಕೂತಿದ್ದರು, ಕೇಳಿದರು. ಮೊದಲ ಚುನಾವಣೆಗೆ ನಿಂತಾಗ ಎದುರಾಳಿಗೂ ತಾನೇ ಮೈಕು ಕೊಟ್ಟು, ಸರಿಯಾದ ಹೊತ್ತಿಗೆ ಅದು ಕೈಕೊಡುವಂತೆ ನೋಡಿಕೊಂಡು ನಗರಸಭೆಗೆ ಆರಿಸಿಬಂದ. ಅಲ್ಲಿಂದ ಶಾಸಕ. ಮೂರು ಸಲ ಪಕ್ಷ ಬಿಟ್ಟ. ಮೂರು ಸಲವೂ ಗೆದ್ದವರ ಕಡೆಗೇ ಹೋಗಿ ಬಿದ್ದ. ನಲವತ್ತೈದರ ಹೊತ್ತಿಗೆ ರಸ್ತೆ ಮತ್ತು ಸೇತುವೆಗಳ ಮಂತ್ರಿ. ಅಗಲವಾದ ಮುಖ, ತುಂಬಿದ ದನಿ, ಯಾರು ಸಿಕ್ಕರೂ ಹೆಗಲ ಮೇಲೆ ಕೈ. ಅವನನ್ನು ಕಂಡರಾಗದವರೂ ಅವನ ಜೊತೆ ಕೂತು ನಕ್ಕಿದ್ದಾರೆ.

ಪೆನ್ಸಿಲಕ್ಕನ ಗಂಡನೂ ಅದೇ ಶಾಖೆಯಲ್ಲಿ ವರದಿಗಾರ. ಅವರಿಬ್ಬರ ಪರಿಚಯವಾದದ್ದು, ಮದುವೆಯ ಮಾತಾದದ್ದು ಎಲ್ಲ ಆ ಒಂದು ಕಿಟಕಿಯ ಕೋಣೆಯಲ್ಲೇ. ಗಂಡ ಅವಳಿಗಿಂತ ಕಟ್ಟುನಿಟ್ಟು. ಆಡಿದ್ದು ಅವರು, ನಾವ್ಯಾಕೆ ಚಂದ ಮಾಡಬೇಕು ಎಂದು ಜಗಳವಾಡುತ್ತಿದ್ದ. ಮೈಕಣ್ಣ ಮಂತ್ರಿಯಾದ ಎರಡನೆಯ ವರ್ಷ, ಹೊಸದಾಗಿ ಕಟ್ಟಿದ ಒಂದು ಸೇತುವೆ ಜನ ಓಡಾಡುತ್ತಿದ್ದಾಗಲೇ ಕುಸಿಯಿತು. ಹನ್ನೊಂದು ಮಂದಿ ಸತ್ತರು. ಸದನದಲ್ಲಿ ಎದುರು ಪಕ್ಷದವರು ಮೈಕಣ್ಣನನ್ನು ಹಿಡಿದು ಜಗ್ಗಿದಾಗ ಅವನಿಗೆ ಕೋಪ ನೆತ್ತಿಗೇರಿತು. ಉದ್ಘಾಟನೆಯ ದಿನ ಹತ್ತಿರ ಬಂದಿತ್ತು, ಮೊದಲು ಸೇತುವೆ ತೆರೆಯಿರಿ, ಭಾರ ತಡೆಯುವ ಪರೀಕ್ಷೆ ಆಮೇಲೆ ಮಾಡಿಕೊಳ್ಳಿ ಎಂದು ನಾನೇ ಹೇಳಿದೆ, ಏನೀಗ ಎಂದುಬಿಟ್ಟ. ಆ ಹತ್ತು ನಿಮಿಷ ಪೆನ್ಸಿಲಕ್ಕನ ಗಂಡನ ಪಾಳಿ. ಕೇಳಿದ್ದನ್ನು ಬರೆದ.

ಮರುದಿನ ಪತ್ರಿಕೆಗಳು ಹತ್ತಿ ಉರಿದವು. ಮೈಕಣ್ಣ ಕರಡಿಗೆ ಸಹಿ ಹಾಕಲಿಲ್ಲ. ಸದನದಲ್ಲಿ ಎದ್ದು, ನಾನು ಹೇಳಿದ್ದು ಮೊದಲು ಪರೀಕ್ಷೆ ಮಾಡಿ ಎಂದು, ವರದಿಗಾರ ಉಲ್ಟಾ ಬರೆದಿದ್ದಾನೆ ಎಂದ. ಆಗಿನ್ನೂ ಸದನದಲ್ಲಿ ಮಾತು ಹಿಡಿದಿಡುವ ಯಂತ್ರವಿರಲಿಲ್ಲ. ಗಲಾಟೆಯಲ್ಲಿ ಕೇಳಿಸಿಕೊಂಡವರು ಒಬ್ಬೊಬ್ಬರು ಒಂದೊಂದು ಹೇಳಿದರು; ಬರಹದಲ್ಲಿ ಇದ್ದ ಸಾಕ್ಷಿ ಗಂಡನ ಶೀಘ್ರಲಿಪಿಯ ನೋಟ್‌ಬುಕ್ಕು ಒಂದೇ. ತರಲು ಹೋದರೆ ಅದು ಕಪಾಟಿನಲ್ಲಿ ಇರಲಿಲ್ಲ. ಬೀಗ ಹಾಕಿದ್ದು ಹಾಕಿದಂತೆಯೇ ಇತ್ತು. ಕಪಾಟಿನ ಬೀಗದ ಕೈ ಇಟ್ಟುಕೊಳ್ಳುತ್ತಿದ್ದ ಜವಾನನಿಗೆ ಮುಂದಿನ ತಿಂಗಳೇ ಮಂತ್ರಿಯ ಬಂಗಲೆಯಲ್ಲಿ ಕೆಲಸವಾಯಿತು. ಇಷ್ಟಾದ ಮೇಲೂ ಅರ್ಥವಾಗದವರು ಶಾಸನಸಭೆಯಲ್ಲಿ ಮಾತ್ರ ಇದ್ದರು.

ಸದನ ಗಂಡನನ್ನು ಕರೆಸಿ, ಬಾಗಿಲ ಬಳಿ ನಿಲ್ಲಿಸಿ, ಕರ್ತವ್ಯದಲ್ಲಿ ಘೋರ ಅಜಾಗರೂಕತೆ ಎಂದು ಛೀಮಾರಿ ಹಾಕಿತು. ನಿರ್ಣಯಕ್ಕೆ ಎಲ್ಲರೂ ಕೈ ಎತ್ತಿದರು. ಮೈಕಣ್ಣ ದೊಡ್ಡ ಮನಸ್ಸು ಮಾಡಿದವನಂತೆ, ಬಡವ, ಕೆಲಸದಿಂದ ತೆಗೆಯುವುದು ಬೇಡ, ಒಂದು ಕ್ಷಮೆ ಕೇಳಿದರೆ ಸಾಕು ಎಂದ. ಗಂಡ ಕೇಳಿದ. ಅದನ್ನು ಮೇಜಿನಲ್ಲಿ ಕೂತು ಬರೆದುಕೊಂಡವಳು ಪೆನ್ಸಿಲಕ್ಕ. ಆ ಹತ್ತು ನಿಮಿಷ ಅವಳ ಪಾಳಿ ಬಂದಿತ್ತು. ‘ವರದಿಗಾರರು ತಪ್ಪೊಪ್ಪಿಕೊಂಡು ಕ್ಷಮೆ ಕೋರಿದರು’ ಎಂದು ಅವಳ ಕೈಯೇ ಬರೆಯಿತು. ಅಕ್ಷರ ಒಂದೂ ಅಲುಗಲಿಲ್ಲ. ಅದು ಇವತ್ತಿಗೂ ಅವಳಿಗೆ ಅಸಹ್ಯ.

ಆಮೇಲೆ ಗಂಡ ಕೆಲಸಕ್ಕೆ ಬರುತ್ತಿದ್ದ, ಪೆನ್ಸಿಲು ಹಿಡಿಯುತ್ತಿರಲಿಲ್ಲ. ಹಳೆಯ ನಡಾವಳಿಗಳಿಗೆ ರಟ್ಟು ಹಾಕಿಸುವ ಕೆಲಸ ಕೊಟ್ಟರು. ಮನೆಯಲ್ಲಿ ಮಾತು ನಿಂತಿತು. ಏನಾದರೂ ಕೇಳಿದರೆ, ನಾನು ಸರಿಯಾಗಿ ಕೇಳಿಸಿಕೊಂಡಿದ್ದೆ ತಾನೇ ಎಂದು ತಿರುಗಿ ಅವಳನ್ನೇ ಕೇಳುತ್ತಿದ್ದ. ಮೂರು ವರ್ಷ ಅದನ್ನೇ ಕೇಳಿ ಕೇಳಿ ಒಂದು ದಿನ ಸತ್ತ. ವೈದ್ಯರು ಹೃದಯ ಎಂದು ಬರೆದುಕೊಟ್ಟರು. ಮೈಕಣ್ಣ ಒಂದು ಹಾರ ಕಳಿಸಿದ್ದ. ಪೆನ್ಸಿಲಕ್ಕ ಅದನ್ನು ಮೆಟ್ಟಿಲ ಮೇಲಿಂದಲೇ ಬೀದಿಗೆ ಎಸೆದಳು.

ಮನೆಯಲ್ಲಿ ಉಳಿದದ್ದು ಅವಳು ಮತ್ತು ಅತ್ತೆ. ಮಗನನ್ನು ಕಳೆದುಕೊಂಡ ಮುದುಕಿ ಅತ್ತದ್ದು ಒಂದು ವಾರ, ಶಾಪ ಹಾಕಿದ್ದು ಒಂಬತ್ತು ವರ್ಷ. ಬೆಳಗ್ಗೆ ಎದ್ದು ಹಲ್ಲಿಲ್ಲದ ಬಾಯಿ ಮುಕ್ಕಳಿಸಿ, ಪತ್ರಿಕೆಯಲ್ಲಿ ಮೈಕಣ್ಣನ ಫೋಟೊ ಹುಡುಕಿ, ಅದರ ಮೇಲೆ ಬಿಸಿ ಟೀ ಲೋಟ ಇಡುತ್ತಿದ್ದಳು. ಅವಳ ಸಿಟ್ಟು ಬಾಯಲ್ಲಿತ್ತು. ಸೊಸೆಯ ಸಿಟ್ಟಿಗೆ ಬಾಯಿಯಿರಲಿಲ್ಲ, ಕೈಯಿತ್ತು.

ಛೀಮಾರಿಯಾದ ವಾರವೇ ಪೆನ್ಸಿಲಕ್ಕ ಮನಸ್ಸಿನಲ್ಲಿ ಗಟ್ಟಿ ಮಾಡಿಕೊಂಡಿದ್ದಳು. ನಿಜ ಬರೆದದ್ದಕ್ಕೆ ಗಂಡನ ಮಾನ ಹೋಯಿತು. ಯಾಕೆ ಹೋಯಿತು? ಮೈಕಣ್ಣ ಕರಡನ್ನು ಓದಿದ, ಸಹಿ ಹಾಕಲಿಲ್ಲ, ಅದರಿಂದ. ಅವನು ಓದದೆ ಸಹಿ ಹಾಕುವವನಾದರೆ? ಇದು ಒಂದು ದಿನದ ಕೆಲಸವಲ್ಲ, ಒಂದು ವರ್ಷದ್ದೂ ಅಲ್ಲ ಎಂದು ಅವಳಿಗೆ ಗೊತ್ತಿತ್ತು. ನಿವೃತ್ತಿಗೆ ಇನ್ನೂ ಹದಿನೈದು ವರ್ಷವಿತ್ತು. ಅಷ್ಟರೊಳಗೆ ಅವನ ಬಾಯಿ ಇನ್ನೊಮ್ಮೆ ಸಡಿಲವಾಗದೇ ಇರುತ್ತದೆಯೇ ಎಂದು ನೋಡೋಣ ಅಂದುಕೊಂಡಳು.

ಅಂದಿನಿಂದ ಅವನ ಭಾಷಣವೆಂದರೆ ಅವಳು ಪಾಳಿ ಬದಲಿಸಿಕೊಂಡಾದರೂ ತಾನೇ ಕೂರತೊಡಗಿದಳು. ಅವನು ಸದನದಲ್ಲಿ ಒದರಿದ್ದು ಒಂದಾದರೆ ಕರಡಿನಲ್ಲಿ ಬರುತ್ತಿದ್ದದ್ದು ಇನ್ನೊಂದು. ಅವನು ಎಡವಿದ ಕಡೆ ವಾಕ್ಯ ನಡೆಯುತ್ತಿತ್ತು. ಅವನು ಬೈದ ಕಡೆ ವ್ಯಂಗ್ಯ ಮಿಂಚುತ್ತಿತ್ತು. ಅವನು ಏನೋ ಹೇಳಲು ಹೋಗಿ ಮರೆತು ಕೂತ ಕಡೆ ಪ್ಯಾರಾ ಗಂಭೀರವಾಗಿ ಮುಗಿಯುತ್ತಿತ್ತು. ಮೊದಲ ವರ್ಷ ಅವನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಓದಿದ. ಎರಡನೆಯ ವರ್ಷ ಓದಿ ಖುಷಿಪಟ್ಟ. ಐದನೆಯ ವರ್ಷಕ್ಕೆ ಮೊದಲ ಹಾಳೆ ನೋಡಿ ಉಳಿದವಕ್ಕೆ ಸಹಿ ಎಳೆಯತೊಡಗಿದ. ಎಂಟನೆಯ ವರ್ಷ ಕರಡು ತೆಗೆದುಕೊಂಡು ಹೋದ ಜವಾನ ವಾಪಸು ಬಂದು, ಸಾಹೇಬರು ಕನ್ನಡಕವನ್ನೂ ಹಾಕಿಕೊಳ್ಳಲಿಲ್ಲ ಎಂದ. ಆ ದಿನ ಪೆನ್ಸಿಲಕ್ಕ ಮನೆಗೆ ಹೋಗುವಾಗ ತನಗೂ ಅತ್ತೆಗೂ ಸಿಹಿ ಕೊಂಡುಹೋದಳು.

ಮೈಕಣ್ಣನ ಹೆಸರು ಏರಿತು. ಪತ್ರಿಕೆಯವರು ನಡಾವಳಿ ನೋಡಿ ಅವನ ಮಾತುಗಳನ್ನು ಎತ್ತಿ ಬರೆದರು. ಕಾಲೇಜಿನವರು ಭಾಷಣಕ್ಕೆ ಕರೆದರು. ರಸ್ತೆ ಖಾತೆಯಿಂದ ಕಂದಾಯಕ್ಕೆ, ಅಲ್ಲಿಂದ ಹಣಕಾಸಿಗೆ ಹತ್ತಿದ. ಸದನದಲ್ಲಿ ಮಾಡಿದ ಭಾಷಣಗಳದ್ದೇ ಒಂದು ದಪ್ಪ ಪುಸ್ತಕ ಬಂತು. ಮುಖಪುಟದಲ್ಲಿ ಅವನು ಗಲ್ಲಕ್ಕೆ ಬೆರಳಿಟ್ಟು ಯೋಚಿಸುತ್ತಿದ್ದಾನೆ, ಯೋಚಿಸಿದ್ದು ಬಹುಶಃ ಅದೊಂದೇ ಸಲ. ಅವಳಿಗೂ ಒಂದು ಪ್ರತಿ ಕಳಿಸಿದ. ಅವಳನ್ನು ಮುಖ್ಯ ವರದಿಗಾರ್ತಿಯಾಗಿ ಮಾಡಿಸಿದವನೂ ಅವನೇ. ನೋಡಿ, ಗಂಡನ ತಪ್ಪನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳದೆ ಹೆಂಗಸಿನ ಕೆಲಸ ಉಳಿಸಿದೆ, ಆ ಋಣ ತೀರಿಸುತ್ತಿದ್ದಾಳೆ ಎಂದು ಅವನು ನಾಲ್ಕು ಜನರ ಮುಂದೆ ಹೇಳುತ್ತಿದ್ದನಂತೆ. ಶಾಖೆಯ ಜನಕ್ಕೂ ಅವಳ ಮೇಲೆ ಬೇಸರ. ಗಂಡನನ್ನು ತಿಂದವನಿಗೆ ಇಷ್ಟು ಸೇವೆಯೇ ಎಂದು ಬೆನ್ನ ಹಿಂದೆ ಆಡಿಕೊಂಡರು. ಅತ್ತೆಯ ಕಿವಿಗೂ ಅದು ಬಿದ್ದು, ಎರಡು ತಿಂಗಳು ಸೊಸೆಯ ಕೈಯಿಂದ ನೀರನ್ನೂ ತೆಗೆದುಕೊಳ್ಳಲಿಲ್ಲ. ಪೆನ್ಸಿಲಕ್ಕ ಯಾರಿಗೂ ವಿವರಣೆ ಕೊಡಲಿಲ್ಲ. ಹಲ್ಲು ಕಚ್ಚಿಕೊಂಡು ಅವನ ವಾಕ್ಯಗಳ ಮುಖ ತೊಳೆಯುತ್ತ ಹೋದಳು.

ಹನ್ನೆರಡನೆಯ ವರ್ಷ ಮುಖ್ಯಮಂತ್ರಿಗೆ ಕಾಯಿಲೆಯಾಗಿ, ಮುಂದಿನವನು ಮೈಕಣ್ಣ ಎನ್ನುವುದು ಗಟ್ಟಿಯಾಯಿತು. ಅದಕ್ಕೆ ಮೊದಲು ಸರ್ಕಾರ ಬಹುಮತ ತೋರಿಸಬೇಕಿತ್ತು. ಚರ್ಚೆಗೆ ಉತ್ತರ ಕೊಡಲು ಮೈಕಣ್ಣ ಎದ್ದ. ಎದುರು ಸಾಲಿನಲ್ಲಿ ವಿರೋಧ ಪಕ್ಷದ ನಾಯಕ; ವೃತ್ತಿಯಿಂದ ವಕೀಲ. ಕೆಣಕುವುದರಲ್ಲಿ ಎತ್ತಿದ ಕೈ. ಅರ್ಧ ಗಂಟೆಯಾದ ಮೇಲೆ ಅವನು ಕೂತಲ್ಲಿಂದಲೇ, ಸೇತುವೆ ಬಿತ್ತು, ಒಬ್ಬ ಬರೆಯುವವನ ಬದುಕು ಬಿತ್ತು, ನೀವು ಮಾತ್ರ ಏರುತ್ತಲೇ ಇದ್ದೀರಿ ಎಂದ. ಸಭೆ ಹುಯ್ಯೆಂದಿತು. ಎರಡೂ ಕಡೆಯವರು ಎದ್ದು ನಿಂತರು. ಸಭಾಧ್ಯಕ್ಷರು ಎಲ್ಲ ಮೈಕು ನಿಲ್ಲಿಸಿ ಗಂಟೆ ಬಾರಿಸಿದರು. ಸದನಕ್ಕೆ ಈಗ ಮಾತು ಹಿಡಿಯುವ ಯಂತ್ರ ಬಂದಿತ್ತು, ಆದರೆ ಅದು ಹಿಡಿಯುವುದು ಮೈಕಿನ ಮಾತನ್ನು ಮಾತ್ರ. ಮೈಕು ನಿಂತ ಮೇಲೆ ಉಳಿಯುವುದು ಮೇಜಿನವರ ಕಿವಿ. ಇಂಥ ಹೊತ್ತಿನಲ್ಲೇ ವರದಿಗಾರರು ‘ಗದ್ದಲ’ ಎಂದು ಬರೆದು ಸುಮ್ಮನಾಗುವುದು.

ಪೆನ್ಸಿಲಕ್ಕ ಸುಮ್ಮನಾಗಲಿಲ್ಲ. ಮೈಕಣ್ಣ ಮುಂದಕ್ಕೆ ಬಾಗಿ, ಎರಡೂ ಕೈ ಡೆಸ್ಕಿನ ಮೇಲೆ ಊರಿ, ವಕೀಲನ ಕಡೆ ಕೂಗುತ್ತಿದ್ದ. ಆ ಗಲಾಟೆಯಲ್ಲಿ ವಕೀಲನಿಗೆ ಏನೂ ಕೇಳಿಸುವಂತಿರಲಿಲ್ಲ. ನಾಲ್ಕು ಹೆಜ್ಜೆಯಲ್ಲಿ ಕೂತವಳಿಗೆ ಒಂದೊಂದು ಪದವೂ ಕೇಳಿಸಿತು.

“ಹೌದ್ರೀ, ಪರೀಕ್ಷೆ ಆಮೇಲೆ ಮಾಡ್ಕೊಳ್ಳಿ ಅಂತ ನಾನೇ ಹೇಳಿದ್ದು. ಅವನು ಬರೆದಿದ್ದೂ ಸರಿಯಾಗೇ ಇತ್ತು. ಅವನ ಪುಸ್ತಕ ನಮ್ಮನೆ ಒಲೆಗೆ ಹೋಗಿ ಹನ್ನೆರಡು ವರ್ಷ ಆಯ್ತು. ಏನ್ ಮಾಡ್ಕೊಂಡ್ರಿ ನೀವು? ಇನ್ನೇನ್ ಮಾಡ್ಕೊಳ್ತೀರಿ?”

ಅವಳ ಎದುರಿಗೇ ಹಾಗೆ ಹೇಳುವಷ್ಟು ಅವನು ದಡ್ಡನೇ ಎಂದು ಕೇಳಬಹುದು. ದಡ್ಡನಲ್ಲ. ಹನ್ನೆರಡು ವರ್ಷ ಅವನ ಬಾಯಿಂದ ಏನೇ ಬಿದ್ದರೂ ಮರುದಿನ ಅದು ಒಳ್ಳೆಯ ಮಾತಾಗಿಯೇ ಅಚ್ಚಾಗಿತ್ತು. ಬಾಯಿಗೂ ಪುಸ್ತಕಕ್ಕೂ ಸಂಬಂಧವಿದೆ ಎನ್ನುವುದೇ ಅವನಿಗೆ ಮರೆತುಹೋಗಿತ್ತು. ಮರೆಸಿದವಳು ಅವಳು.

ಪಾಳಿ ಮುಗಿಸಿ ಕೋಣೆಗೆ ಬಂದಳು. ಮೊದಲು ಮಾಡಿದ ಕೆಲಸವೆಂದರೆ ಆ ನೋಟ್‌ಬುಕ್ಕನ್ನು ಕಪಾಟಿಗೆ ಇಡದೆ ಶಾಸನಸಭೆಯ ಕಾರ್ಯದರ್ಶಿಗಳ ಕೈಗೇ ಕೊಟ್ಟು ರಸೀದಿ ಬರೆಸಿಕೊಂಡದ್ದು. ಆಮೇಲೆ ಟೈಪಿಗೆ ಕೂತಳು. ಭಾಷಣ ಒಂಬತ್ತು ಹಾಳೆಯಾಯಿತು. ಅವನ ಬದುಕಿನಲ್ಲೇ ಅಷ್ಟು ಚಂದದ ಭಾಷಣ ಅವಳು ಬರೆದುಕೊಟ್ಟಿರಲಿಲ್ಲ. ಏಳನೆಯ ಹಾಳೆಯ ಕೆಳಭಾಗದಲ್ಲಿ ಮಾತ್ರ ಒಂದು ಪದವನ್ನೂ ಮುಟ್ಟದೆ, ‘ಹೌದ್ರೀ’ ಎಂದಿದ್ದನ್ನು ‘ಹೌದ್ರೀ’ ಎಂದೇ ಇಟ್ಟು, ಅವನು ಆಡಿದ್ದನ್ನು ಆಡಿದ ಹಾಗೆ ಟೈಪು ಮಾಡಿದಳು. ಅವನು ಆಡದ ಒಂದು ಮಾತನ್ನೂ ಸೇರಿಸಲಿಲ್ಲ. ಅಷ್ಟರ ಮಟ್ಟಿಗೆ ಅವಳದು ಪ್ರಾಮಾಣಿಕ ಸೇಡು.

ಸಂಜೆ ಜವಾನ ಕರಡು ತೆಗೆದುಕೊಂಡು ಹೋದ. ಮರುದಿನ ಹನ್ನೊಂದರವರೆಗೆ ಅವಳು ಹೇಗಿದ್ದಳೆಂದು ಕೇಳಬೇಡಿ. ಬೆಳಗ್ಗೆ ಟೀಗೆ ಉಪ್ಪು ಹಾಕಿ ಅತ್ತೆಯಿಂದ ಬೈಸಿಕೊಂಡಳು. ಹತ್ತೂಮುಕ್ಕಾಲಿಗೆ ಫೈಲು ಬಂತು. ಬಹುಮತ ಗೆದ್ದ ಸಂಭ್ರಮದಲ್ಲಿ ಬಂಗಲೆಯ ತುಂಬ ಜನ, ಸಾಹೇಬರು ಕಾರಿನ ಬಾನೆಟ್ಟಿನ ಮೇಲಿಟ್ಟುಕೊಂಡು ನಿಂತಲ್ಲೇ ಸಹಿ ಎಳೆದರು, ನನಗೂ ಸಿಹಿ ಕೊಟ್ಟರು ಎಂದು ಜವಾನ ಹೇಳಿದ. ಅವಳು ಏಳನೆಯ ಹಾಳೆ ತಿರುವಿದಳು. ಆ ಸಾಲುಗಳ ಕೆಳಗೇ, ಬಾಲ ಉದ್ದಕ್ಕೆ ಎಳೆದ ದೊಡ್ಡ ಸಹಿ. ಅವಳಿಗೆ ಅಳು ಬರಲಿಲ್ಲ. ಹಸಿವಾಯಿತು.

ನಡಾವಳಿ ಅಚ್ಚಾಗಿ ಬರಲು ಎಂಟು ದಿನ ಹಿಡಿಯಿತು. ವಕೀಲ ನಡಾವಳಿಯನ್ನು ಮೊದಲಿನಿಂದ ಕೊನೆಯವರೆಗೆ ಓದುವ ಒಬ್ಬನೇ ಸದಸ್ಯ. ಸೋಮವಾರ ಅವನು ಪುಸ್ತಕ ಎತ್ತಿ ಹಿಡಿದು ಆ ಸಾಲುಗಳನ್ನು ಸದನಕ್ಕೆ ಓದಿದ. ಮೈಕಣ್ಣ ಎದ್ದು, ಯೋಚಿಸದೆಯೇ, ಹಳೆಯ ಮಾತನ್ನೇ ಹೇಳಿದ: ವರದಿಗಾರರು ತಪ್ಪು ಬರೆದಿದ್ದಾರೆ. ಸಹಿ ಹಾಕಿದ ಮೂಲ ಹಾಳೆಗಳನ್ನು ತರಿಸಿ, ಗುರುವಾರ ಮೈಕಣ್ಣನ ವಿವರಣೆ ಕೇಳುತ್ತೇವೆ ಎಂದು ಸಭಾಧ್ಯಕ್ಷರು ಹೇಳಿದರು.

ಬುಧವಾರ ಮಧ್ಯಾಹ್ನ ನಾಲ್ಕರ ಸುಮಾರಿಗೆ ಮೈಕಣ್ಣ ಅವಳ ಮನೆಗೆ ಬಂದ. ಎರಡನೆಯ ಮಹಡಿಯ ಸರ್ಕಾರಿ ವಸತಿ. ಒಂದು ಕೋಣೆ, ಒಂದು ಅಡುಗೆಮನೆ, ಕೋಣೆಯಲ್ಲೇ ಅತ್ತೆಯ ಮಂಚ. ಜೊತೆಗೆ ಯಾರೂ ಇರಲಿಲ್ಲ. ಅಷ್ಟು ಮೆಟ್ಟಿಲು ಹತ್ತಿ ಅಭ್ಯಾಸ ತಪ್ಪಿದ ಮನುಷ್ಯ ಏದುಸಿರು ಬಿಡುತ್ತ ಕುರ್ಚಿಯಲ್ಲಿ ಕೂತ. ಇಷ್ಟು ಹತ್ತಿರದಿಂದ ನೋಡಿದರೆ ಅವನಿಗೂ ವಯಸ್ಸಾಗಿತ್ತು. ಅತ್ತೆ ಮಂಚದ ಮೇಲೆ ಎದ್ದು ಕೂತು ಅವನನ್ನೇ ನೋಡಿದಳು. ಒಂಬತ್ತು ವರ್ಷ ಫೋಟೊಗೆ ಹಾಕಿದ ಶಾಪವೆಲ್ಲ ಮನುಷ್ಯ ಎದುರಿಗೆ ಕೂತಾಗ ಬಾಯಿಗೆ ಬರಲಿಲ್ಲ.

ಅವನು ಸುತ್ತಿ ಬಳಸಿ ಮಾತಾಡಲಿಲ್ಲ. “ಒಂದೇ ಮಾತು ಹೇಳಿಬಿಡಿ ತಂಗಿ. ಗಲಾಟೇಲಿ ಸರಿಯಾಗಿ ಕೇಳಿಸಲಿಲ್ಲ, ಅಂದಾಜಲ್ಲಿ ಬರೆದೆ ಅಂತ. ನಾಳೆ ಸದನದಲ್ಲಿ ನಾನೇ ಎದ್ದು ನಿಮ್ಮ ಯಜಮಾನರ ಮೇಲಿನ ಛೀಮಾರಿ ರದ್ದು ಮಾಡಿಸ್ತೀನಿ. ಬಹುಮತ ನಂದಿದೆ. ಒಂದು ಗಂಟೆ ಕೆಲಸ.”

ಮೊದಲು ಮಾತಾಡಿದ್ದು ಅತ್ತೆ. “ಒಪ್ಕೊಂಡುಬಿಡೇ. ನಾನು ಕಣ್ಣು ಮುಚ್ಚೋದ್ರೊಳಗೆ ನನ್ನ ಮಗನ ಹೆಸರು ಸರಿಯಾಗ್ಲಿ.”

ಪೆನ್ಸಿಲಕ್ಕ ಅತ್ತೆಯ ಮುಖ ನೋಡಿದಳು. ಎಂಬತ್ತಮೂರು ವರ್ಷದ ಮುಖ. ಅವನು ಹೇಳಿದಂತೆ ಮಾಡಿಸುವ ಶಕ್ತಿ ಅವನಿಗಿತ್ತು, ಅದು ಸುಳ್ಳಲ್ಲ. ನಾಳೆ ಸಂಜೆಯೊಳಗೆ ಗಂಡನ ಮೇಲಿನ ಕಳಂಕ ಹೋಗುತ್ತಿತ್ತು. ಆದರೆ ಹೋಗುವುದು ಇದೇ ಮನೆಯ ಇನ್ನೊಬ್ಬಳು ವರದಿಗಾರ್ತಿ ತಪ್ಪು ಬರೆದಳು ಎನ್ನುವ ಸುಳ್ಳಿನ ಬೆಲೆಗೆ. ಸರಿಯಾಗಿ ಕೇಳಿಸಿಕೊಂಡಿದ್ದೆ ತಾನೇ ಎಂದು ಕೇಳುತ್ತ ಸತ್ತವನಿಗೆ ಅದಕ್ಕಿಂತ ದೊಡ್ಡ ಅವಮಾನ ಬೇಕೇ? ಇದು ಅವಳು ತನಗೆ ಹೇಳಿಕೊಂಡ ಕಾರಣ. ಇನ್ನೊಂದೂ ಇತ್ತು, ಅದೇ ದೊಡ್ಡದು: ಅವಳಿಗೆ ಅವನು ಬೀಳಬೇಕಿತ್ತು. ಹನ್ನೆರಡು ವರ್ಷ ಅದಕ್ಕಾಗಿ ಬದುಕಿದ್ದಳು. ಅದರ ಮುಂದೆ ಗಂಡನ ಹೆಸರೂ ಎರಡನೆಯದಾಗಿತ್ತು ಎನ್ನುವುದು ಆ ಹೊತ್ತಿನಲ್ಲಿ ಅವಳಿಗೇ ಗೊತ್ತಾಯಿತು. ಗೊತ್ತಾದ ಮೇಲೂ ಮನಸ್ಸು ಬದಲಾಗಲಿಲ್ಲ.

ಆಗುವುದಿಲ್ಲ ಎಂದಳು.

ಅವನು ಎದ್ದ. ಬಾಗಿಲವರೆಗೆ ಹೋಗಿ ತಿರುಗಿದ. ಸಿಟ್ಟಿಗಿಂತ ಹೆಚ್ಚಾಗಿ ಅರ್ಥವಾಗದ ಮುಖ.

“ಹನ್ನೆರಡು ವರ್ಷ ನನ್ನ ಮಾತನ್ನ ಚಿನ್ನ ಮಾಡಿ ಕೊಟ್ರಿ. ಇಷ್ಟು ದ್ವೇಷ ಇಟ್ಕೊಂಡು ಅದ್ಯಾಕೆ ಮಾಡಿದ್ರಿ?”

“ನೀವು ಓದೋದನ್ನ ಬಿಡಲಿ ಅಂತ.”

ಅವನು ಮೆಟ್ಟಿಲು ಇಳಿಯುವುದು ಬಹಳ ಹೊತ್ತು ಕೇಳಿಸಿತು. ಅತ್ತೆ ಗೋಡೆಯ ಕಡೆ ತಿರುಗಿ ಮಲಗಿದಳು, ಸಂಜೆ ಊಟಕ್ಕೆ ಏಳಲಿಲ್ಲ. ನಿನಗೆ ಗಂಡ ಬೇಡ, ಆ ಮೈಕಣ್ಣನ ತಲೆ ಬೇಕು ಎಂದಷ್ಟೇ ಹೇಳಿದಳು. ಪೆನ್ಸಿಲಕ್ಕ ಇಲ್ಲ ಎನ್ನಲಿಲ್ಲ.

ಗುರುವಾರ ಗ್ಯಾಲರಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಇವತ್ತು ಬೇರೆಯವರು ಕೂರಲಿ ಎಂದು ಕಾರ್ಯದರ್ಶಿಗಳು ಸೂಚನೆ ಕೊಟ್ಟರು. ಪಾಳಿ ಪಟ್ಟಿಯಲ್ಲಿ ನನ್ನ ಹೆಸರಿದೆ ಎಂದು ಅವಳು ಹೋಗಿ ಕೂತಳು. ಪಟ್ಟಿ ಬರೆದವಳೂ ಅವಳೇ ಎನ್ನುವುದು ಬೇರೆ ವಿಷಯ.

ವಕೀಲ ಹೆಚ್ಚು ಕೇಳಲಿಲ್ಲ. ಏಳನೆಯ ಹಾಳೆ ತೋರಿಸಿ, ಇದು ತಮ್ಮ ಸಹಿಯೇ ಎಂದ. ಮೈಕಣ್ಣ ಹೌದೆಂದ. ಓದಿ ಹಾಕಿದ್ದೇ ಎಂದು ವಕೀಲ ಕೇಳಿದ. ಓದಿದ್ದೆ ಎಂದರೆ ಹನ್ನೊಂದು ಹೆಣಗಳು ಅವನ ತಲೆಗೆ. ಅವನು ಇನ್ನೊಂದು ದಾರಿ ಹಿಡಿದ.

“ಓದಿಲ್ಲ. ನಾನು ಯಾವತ್ತೂ ಓದಿಲ್ಲ. ಅವರು ಬರೆದು ಕಳಿಸ್ತಿದ್ರು, ನಾನು ಸಹಿ ಹಾಕ್ತಿದ್ದೆ.”

ಹಿಂದಿನ ಸಾಲಿನಿಂದ ಯಾರೋ ಅವನ ಭಾಷಣಗಳ ದಪ್ಪ ಪುಸ್ತಕ ಎತ್ತಿ ಹಿಡಿದು, ಹಾಗಾದರೆ ಇದು ಯಾರದ್ದು ಎಂದು ಕೇಳಿದರು. ಮೊದಲು ಎದುರು ಸಾಲು ನಕ್ಕಿತು. ಆಮೇಲೆ ಗ್ಯಾಲರಿ. ಆಮೇಲೆ ಅವನದೇ ಪಕ್ಷದವರು, ಮೊದಮೊದಲು ಬಾಯಿಗೆ ಕೈ ಅಡ್ಡವಿಟ್ಟುಕೊಂಡು, ಕೊನೆಗೆ ಅದನ್ನೂ ತೆಗೆದು. ಗಂಟೆ ಬಾರಿಸುತ್ತಿದ್ದ ಸಭಾಧ್ಯಕ್ಷರ ಹೊಟ್ಟೆಯೂ ಕುಲುಕುತ್ತಿತ್ತು. ಹೆಣಗಳನ್ನು ತಪ್ಪಿಸಿಕೊಳ್ಳಲು ಹೋಗಿ ಅವನು ನಗೆಯಲ್ಲಿ ಸಿಕ್ಕಿಬಿದ್ದ. ಮೂವತ್ತು ವರ್ಷದಲ್ಲಿ ಮೊದಲ ಸಲ ಅವನಿಗೆ ಮಾತು ಬರಲಿಲ್ಲ. ಪೆನ್ಸಿಲಕ್ಕ ಆವರಣ ಹಾಕಿ ‘ನಗು’ ಎಂದು ಬರೆದಳು. ನಗು ನಿಲ್ಲಲಿಲ್ಲ. ಇನ್ನೊಮ್ಮೆ ಬರೆದಳು. ಅವಳಿಗೆ ಅದು ಎಷ್ಟು ರುಚಿಯಾಗಿತ್ತೆಂದರೆ ಪಾಳಿ ಮುಗಿದರೂ ಏಳಲು ಮನಸ್ಸಾಗಲಿಲ್ಲ.

ಸಂಜೆಯೊಳಗೆ ಅವನು ರಾಜೀನಾಮೆ ಕೊಟ್ಟ. ಪಕ್ಷವೂ ಕೈ ತೊಳೆದುಕೊಂಡಿತು.

ಗಂಡನ ಮೇಲಿನ ಛೀಮಾರಿ ರದ್ದು ಮಾಡುವ ನಿರ್ಣಯವೂ ಅಂದು ಬೆಳಗ್ಗೆ ಪಟ್ಟಿಗೆ ಸೇರಿತ್ತು, ಕೊನೆಯ ವಿಷಯವಾಗಿ. ವಕೀಲನೇ ಅದನ್ನು ಮಂಡಿಸಬೇಕಿತ್ತು. ಆದರೆ ಅವನು ಪತ್ರಿಕೆಯವರ ಜೊತೆ ಮೆಟ್ಟಿಲ ಮೇಲೆ ನಿಂತುಬಿಟ್ಟಿದ್ದ. ಅವನಿಗೆ ಬೇಕಾಗಿದ್ದದ್ದು ಮೈಕಣ್ಣನ ತಲೆ, ಸಿಕ್ಕಿತ್ತು. ಆಳುವ ಪಕ್ಷದವರು ಹೊಸ ನಾಯಕನನ್ನು ಹುಡುಕಲು ಎದ್ದು ಹೋಗಿದ್ದರು. ಸಭೆಯಲ್ಲಿ ಒಂಬತ್ತು ಜನ ಉಳಿದಿದ್ದರು. ಸಭಾಧ್ಯಕ್ಷರು ಕನ್ನಡಕ ಮಡಚಿ, ಉಳಿದ ವಿಷಯಗಳನ್ನು ಮುಂದಿನ ಅಧಿವೇಶನಕ್ಕೆ ಇಟ್ಟುಕೊಳ್ಳೋಣ ಎಂದರು. ಮುಂದಿನ ಅಧಿವೇಶನಕ್ಕೆ ಆರು ತಿಂಗಳಿತ್ತು. ಆ ಸರ್ಕಾರ, ಆ ಸದನ ಅಲ್ಲಿಯವರೆಗೆ ಉಳಿಯುವ ಲಕ್ಷಣವಿರಲಿಲ್ಲ. ಸದನ ಹೋದರೆ ಪಟ್ಟಿಯೂ ಅದರ ಜೊತೆಗೇ ಹೋಗುತ್ತದೆ.

ಮನೆಗೆ ಬಂದಾಗ ಅತ್ತೆ ಗೋಡೆಯ ಕಡೆ ತಿರುಗಿಯೇ ಮಲಗಿದ್ದಳು. ಪೆನ್ಸಿಲಕ್ಕ ಮಂಚದ ತುದಿಯಲ್ಲಿ ಕೂತು, ಆದದ್ದನ್ನು ಸಾಲು ಬಿಡದೆ ಹೇಳಿದಳು. ಅವನು ಏನೆಂದ, ವಕೀಲ ಏನು ಕೇಳಿದ, ಯಾರು ಮೊದಲು ನಕ್ಕರು. ಅರ್ಧಕ್ಕೆ ಬರುವಷ್ಟರಲ್ಲಿ ಮುದುಕಿ ಈ ಕಡೆ ತಿರುಗಿದ್ದಳು. ಮುಗಿಯುವ ಹೊತ್ತಿಗೆ ಎದ್ದು ಕೂತಿದ್ದಳು. ಹಲ್ಲಿಲ್ಲದ ಬಾಯಿ ಅಗಲ ಮಾಡಿ ನಕ್ಕಳು, ಕೆಮ್ಮು ಬರುವವರೆಗೆ ನಕ್ಕಳು. ಕೆಮ್ಮು ನಿಂತ ಮೇಲೆ ಕಣ್ಣೊರೆಸಿಕೊಂಡು ಕೇಳಿದಳು.

“ನನ್ನ ಮಗಂದು?”

“ಮುಂದಿನ ಸಲಕ್ಕೆ ಅಂದ್ರು ಅತ್ತೆ.”

ನಿನ್ನೆ ಒಪ್ಪಿಕೊಂಡಿದ್ದರೆ ಆಗುತ್ತಿತ್ತು ಎನ್ನುವುದನ್ನು ಇಬ್ಬರಲ್ಲಿ ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಪೆನ್ಸಿಲಕ್ಕ ಬೈಗುಳಕ್ಕೆ ಸಿದ್ಧವಾಗಿ ಕೂತಿದ್ದಳು. ಬೈದಿದ್ದರೆ ಅವಳಿಗೂ ಹಗುರವಾಗುತ್ತಿತ್ತು. ಅತ್ತೆ ದಿಂಬನ್ನು ಬೆನ್ನಿಗೆ ಒತ್ತಿಕೊಂಡು ಒರಗಿದಳು.

“ಹೋಗ್ಲಿ. ಇನ್ನೊಂದ್ಸಲ ಹೇಳು. ಎಲ್ಲರೂ ನಗೋವಾಗ ಅವನು ಹೇಗೆ ನಿಂತಿದ್ದ?”

ಪೆನ್ಸಿಲಕ್ಕ ಮೊದಲಿನಿಂದ ಶುರು ಮಾಡಿದಳು. ಈ ಸಲ ಮೈಕಣ್ಣನ ಕೈಕಾಲು ಗಡಗಡ ನಡುಗಿದವು, ಗಂಟಲು ಒಣಗಿತು, ಕಣ್ಣಲ್ಲಿ ನೀರು ಬಂತು, ನಿಮ್ಮ ಮಗ ಬರೆದದ್ದು ಸರಿಯಾಗಿತ್ತು ಎಂದು ಅವನು ಎಲ್ಲರ ಮುಂದೆ ಎರಡು ಸಲ ಹೇಳಿದ. ಇದಾವುದೂ ನಡೆದಿರಲಿಲ್ಲ.